ಕಲಿಸುವುದೂ ಒಂದು ಕಸುಬು
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ಕೆಲಸ ಕಲಿತದ್ದು ಮೇಸ್ತ್ರಿಯ ಬೈಗುಳ ತಿಂದು. ಮೇಸ್ತ್ರಿಯ ಕೈಯಲ್ಲಿ ವಿದ್ಯೆ ಇತ್ತು; ಅದನ್ನು ಬಿಡಿಸಿ ಹೇಳುವ ಬಗೆ ಅವನಿಗೆ ತಿಳಿದಿರಲಿಲ್ಲ. ಅವನನ್ನು ದೂರುವುದು ತರವಲ್ಲ. ಕಲಿಸುವುದೂ ಒಂದು ಕಸುಬೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? ಅ ಆ ಇ ಈ ಕಲಿಸುವ ಮಾಸ್ತರರಿಗೆ ಟ್ರೈನಿಂಗ್ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಲೇತು, ವೆಲ್ಡಿಂಗು ಕಲಿಸುವವನಿಗೂ ಬೇಕೆಂದರೆ ಮಾತ್ರ ಹುಬ್ಬೇರಿಸುತ್ತಾರೆ.

ಈ ಅಗತ್ಯ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಸೈನ್ಯದಿಂದಲೂ ಯುದ್ಧದ ಕಾರ್ಖಾನೆಗಳಿಂದಲೂ ಹೊರಬಿದ್ದವರಿಗೆ ಬದುಕಿನ ದಾರಿ ತೋರಿಸಲು 1945ರಲ್ಲಿ ಕೇಂದ್ರದಲ್ಲಿ ಒಂದು ಇಲಾಖೆ ಹುಟ್ಟಿತು. ಕಲಿಸುವವರನ್ನು ತಯಾರು ಮಾಡಲು 1948ರಲ್ಲಿ ಬಿಲಾಸಪುರದ ಬಳಿಯ ಕೋನಿಯಲ್ಲಿ ಬೋಧಕರ ಶಾಲೆ ತೆರೆದರು. ಮುಂದೆ ನಮ್ಮ ಮಂಗಳೂರಿನವರೇ ಆದ, ಮದ್ರಾಸಿನ ಕಾರ್ಮಿಕರ ನಡುವೆ ದುಡಿದ ಬೆನಗಲ್ ಶಿವರಾವ್ ಅವರ ಸಮಿತಿ 1954ರಲ್ಲಿ ವರದಿ ಕೊಟ್ಟಿತು. 1956ರಲ್ಲಿ ಐ.ಟಿ.ಐ.ಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂತು. ಅಂದರೆ ಬೋಧಕನಿಲ್ಲದ ವರ್ಕ್‌ಷಾಪಿಗೆ ದಿಲ್ಲಿಯನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕೇಂದ್ರದ ಬೋಧಕ ತರಬೇತಿ ಸಂಸ್ಥೆ ಇದೆ. ಹೊಸೂರು ರಸ್ತೆಯಲ್ಲಿ ಹೆಂಗಸರಿಗೆ ಪ್ರತ್ಯೇಕವಾದದ್ದು. ಒಂದು ವರ್ಷದ ಪಾಠ. ಕಸುಬಿನ ತಿಳಿವಳಿಕೆಯ ಜೊತೆಗೆ ಪಾಠ ಹೂಡುವುದು, ಮಾಡಿ ತೋರಿಸುವುದು, ಹುಡುಗನ ತಪ್ಪು ಹಿಡಿಯುವುದು, ಎಲ್ಲವನ್ನೂ ಕಲಿಸುತ್ತಾರೆ.

ಇದರ ಗುಟ್ಟು ಬಹಳ ಸರಳ. ಅಮೆರಿಕದ ಚಾರ್ಲ್ಸ್ ಆಲೆನ್ ಎಂಬಾತ ಮೊದಲನೆಯ ಮಹಾಯುದ್ಧದಲ್ಲಿ ಹಡಗು ಕಟ್ಟುವವರ ನಡುವೆ ನಿಂತು, 1919ರಲ್ಲಿ ಪುಸ್ತಕ ಬರೆದು, ನಾಲ್ಕು ಹೆಜ್ಜೆ ಹೇಳಿದ. ಹುಡುಗನಿಗೆ ಮೈಕ್ರೊಮೀಟರ್ ಕಲಿಸಬೇಕೆನ್ನಿ. ಅವನಿಗೆ ಗೊತ್ತಿರುವ ಅಡಿಪಟ್ಟಿಯಿಂದ ಮೊದಲು ಮಾಡು. ಮೈಕ್ರೊಮೀಟರ್ ಹಿಡಿದು ಅಳೆದು ತೋರಿಸು. ಪಕ್ಕದಲ್ಲಿ ನಿಂತು ಅವನಿಂದ ಮಾಡಿಸು. ಕಡೆಗೆ ಒಬ್ಬನೇ ಮಾಡಲಿ, ನೀನು ನೋಡು. ನಮ್ಮ ಮೇಸ್ತ್ರಿಗಳು ಎರಡನೆಯದರಲ್ಲೇ ನಿಂತರು, ಅದೂ ಬೆನ್ನು ತಿರುಗಿಸಿಕೊಂಡು!

2022ರಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ ಉದ್ಘಾಟಿಸಿದರು. ಸಂತೋಷ. ಆದರೆ ಯಂತ್ರ ಪಾಠ ಹೇಳುವುದಿಲ್ಲ. ಕಾಯಂ ಹುದ್ದೆ ತುಂಬದೆ ಅತಿಥಿ ಬೋಧಕರಿಂದ ವರ್ಷ ದೂಡುವುದು ಯಾವ ನ್ಯಾಯ? ಅತಿಥಿಗೆ ಮನೆಯಲ್ಲಿ ಊಟವಾದರೂ ಹಾಕುತ್ತೇವೆ!

ಇಪ್ಪತ್ತು ವರ್ಷ ಯಂತ್ರದ ಮುಂದೆ ನಿಂತ ಫಿಟ್ಟರನಿಗಿಂತ ಒಳ್ಳೆಯ ಬೋಧಕ ಎಲ್ಲಿ ಸಿಕ್ಕಾನು? ಅವನಲ್ಲಿ ಐ.ಟಿ.ಐ. ಸರ್ಟಿಫಿಕೇಟೂ ಇರಬಹುದು. ಆದರೆ ಒಂದು ವರ್ಷ ಕೂಲಿ ಬಿಟ್ಟರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ಅಂಗಡಿಯವರು ಎಷ್ಟು ತಿಂಗಳು ಉದ್ದರಿ ಕೊಟ್ಟಾರು? ಅವರ ಮಕ್ಕಳೂ ಅದೇ ಐ.ಟಿ.ಐ.ಗೆ ಹೋಗುವವರು.

ಆದ್ದರಿಂದ ಎರಡು ಬೇಡಿಕೆಗಳನ್ನು ಸಭೆಯ ಮುಂದಿಡುತ್ತೇನೆ: ತರಬೇತಿಗೆ ಹೋಗುವ ಕಾರ್ಮಿಕನಿಗೆ ಸಂಬಳಸಹಿತ ರಜೆ, ತರಬೇತಾದವನಿಗೆ ಕಾಯಂ ಹುದ್ದೆ. ಒಪ್ಪುವವರು ಕೈ ಎತ್ತಬೇಕು. ಠರಾವಿನ ಪ್ರತಿ ನಾಳೆಯೇ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತದೆ.