ಹೊಸ ಭಾಗ ಹಾಕಿದರೂ ಸ್ಟೇರಿಂಗ್ ನಡುಗುವುದೇಕೆ?



ಕುಡುಮಲಕುಂಟೆಯಿಂದ ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸುವ ಕಾರಿಗೆ ಹೊಸ ಆರ್ಮು, ಬುಷ್ಷು ಹಾಕಿಸಿದ ಮೇಲೂ ಸ್ಟೇರಿಂಗ್ ನಡುಗುತ್ತದೆಯೇ? ಮತ್ತೆ ದುಡ್ಡು ಸುರಿಯುವ ಮುಂಚೆ, ಅದು ಯಾವಾಗ ನಡುಗುತ್ತದೆ ನೋಡಿರಿ.

ಗಂಟೆಗೆ 60-80 ಕಿಲೋಮೀಟರ್ ವೇಗದಲ್ಲಿ ಮಾತ್ರವೇ? ಚಕ್ರದ ತೂಕ ಸಮವಿಲ್ಲದಿರಬಹುದು. ಮುಂದಿನ ಚಕ್ರ ಹಿಂದಕ್ಕೆ ಹಾಕಿ ನೋಡಿರಿ. ನಡುಕ ಸೀಟಿಗೆ ಹೋದರೆ ದೋಷ ಚಕ್ರದ್ದೇ. ಬ್ರೇಕ್ ಒತ್ತಿದಾಗ ಮಾತ್ರವಾದರೆ ಡಿಸ್ಕು ನೋಡಿಸಿರಿ. ನಿಧಾನವಾಗಿ ಹೋಗುವಾಗಲೂ ಅಲುಗಿದರೆ ಗಾಡಿ ಓಡಿಸಲೇಬೇಡಿ. ಚಕ್ರದ ನಟ್ಟು, ಬಾಲ್ ಜಾಯಿಂಟು ಸಡಿಲವಿದ್ದರೆ ಚಕ್ರವೇ ಕಳಚೀತು.

ಆರ್ಮಿನ ಬುಷ್ಷಿನ ಬೋಲ್ಟನ್ನು, ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಸಬೇಕು. ಕಡೆಗೆ ಅಲೈನ್‌ಮೆಂಟ್ ಮಾಡಿಸಿರಿ.

ಕಾರಣ ತಿಳಿಯದೆ ಭಾಗ ಬದಲಿಸುವುದು, ರೋಗ ತಿಳಿಯದೆ ಬೆಳೆಗೆ ಔಷಧಿ ಹೊಡೆದಂತೆಯೇ.