ಸಾಂಕ್ರಾಮಿಕದ ಕಾಲದಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿ: ಮಲ್ಕಾಜ್‌ಗಿರಿಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

1. ವಿಷಯದ ವ್ಯಾಪ್ತಿ

ಉಸಿರಿನಿಂದ ಹರಡುವ ರೋಗ ಊರಿಗೆ ಕಾಲಿಟ್ಟಾಗ ಮಕ್ಕಳ ಗುಂಪು ಆಟಗಳು ಎಲ್ಲಕ್ಕಿಂತ ಮೊದಲು ನಿಲ್ಲುತ್ತವೆ, ಎಲ್ಲಕ್ಕಿಂತ ತಡವಾಗಿ ಶುರುವಾಗುತ್ತವೆ. 2020ರಿಂದ 2022ರವರೆಗಿನ ಕೋವಿಡ್ ಕಾಲದಲ್ಲಿ ಆದದ್ದೂ ಇದೇ. ಆದರೆ ಮಕ್ಕಳನ್ನು ಮನೆಯೊಳಗೇ ಕೂರಿಸುವುದೂ ನಷ್ಟದ ಬಾಬತ್ತೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ, ಸೋಂಕು ಇನ್ನೂ ಹಬ್ಬುತ್ತಿದ್ದಾಗಲೇ, ಮತ್ತೆ ಒತ್ತಿ ಹೇಳಿತು. ಆದ್ದರಿಂದ ತರಬೇತಿ ಬೇಕೇ ಬೇಡವೇ ಎಂಬುದಕ್ಕಿಂತ ಅದನ್ನು ಹೇಗೆ ನಡೆಸಬೇಕು ಎಂಬುದೇ ಉಪಯುಕ್ತ ಪ್ರಶ್ನೆ. ಆ ಮೂರು ವರ್ಷಗಳ ಅನುಭವ ಕಲಿಸಿದ ಮುಖ್ಯ ಪಾಠವೆಂದರೆ, ಬಯಲಿನಲ್ಲಿ ನಡೆಯುವ ಆಟಕ್ಕಿಂತ ಆ ಬಯಲಿನ ಅಂಚಿನಲ್ಲಿ ನಡೆಯುವ ವ್ಯವಹಾರಗಳೇ ಹೆಚ್ಚು ಅಪಾಯಕರ.

2. ಊರು ಮತ್ತು ಆಟ

ಮಲ್ಕಾಜ್‌ಗಿರಿ ಹೈದರಾಬಾದಿನ ಈಶಾನ್ಯಕ್ಕೆ, ಸಿಕಂದರಾಬಾದಿಗೆ ಅಂಟಿಕೊಂಡಿರುವ ಊರು. ಮೊದಲು ಪ್ರತ್ಯೇಕ ಪುರಸಭೆಯಾಗಿದ್ದ ಇದು 2007ರಲ್ಲಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಗೆ ಸೇರಿತು. 2016ರ ಅಕ್ಟೋಬರ್‌ನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಮೇಡ್ಚಲ್-ಮಲ್ಕಾಜ್‌ಗಿರಿ ಎಂಬ ಜಿಲ್ಲೆಯೇ ಹುಟ್ಟಿತು. ರೈಲ್ವೆ ನೌಕರರ ವಸತಿ, ಒತ್ತೊತ್ತಾದ ಮನೆಗಳು, ಸಣ್ಣ ಸಣ್ಣ ಬಯಲುಗಳು ಇಲ್ಲಿನ ಚಹರೆ.

ಈ ಭಾಗಕ್ಕೆ ಫುಟ್‌ಬಾಲ್ ಹೊಸತಲ್ಲ. ಮಲ್ಕಾಜ್‌ಗಿರಿಯಿಂದ ಬೊಲಾರಂ ಕಡೆಗೆ ಹೋಗುವ ರೈಲುಹಾದಿಯಲ್ಲಿ ಸಫಿಲ್‌ಗುಡ ದಾಟಿದ ಮೇಲೆ ಸಿಗುವ ಅಮ್ಮುಗುಡ, ತುಳಸೀದಾಸ್ ಬಲರಾಮ್ ಹುಟ್ಟಿದ ಊರು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆಡಿದ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಈ ಆಟಗಾರ, ಶ್ವಾಸಕೋಶದ ಕಾಯಿಲೆಯಿಂದಾಗಿ 1963ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಆಟ ಬಿಡಬೇಕಾಯಿತು. ಬಲರಾಮ್ ಅವರನ್ನು ಗುರುತಿಸಿ ಬೆಳೆಸಿದವರು ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದು ಭಾರತ ತಂಡದ ಕೋಚ್ ಆದ ಸೈಯದ್ ಅಬ್ದುಲ್ ರಹೀಂ. ರಹೀಂ ಸಾಬರು ಹುಡುಗರಿಗಾಗಿ ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿ, ದುರ್ಬಲ ಕಾಲಿನಿಂದಷ್ಟೇ ಒದೆಯಬೇಕಾದ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳದೆ ಥಟ್ಟನೆ ಪಾಸ್ ಮಾಡುವುದನ್ನು ಕಲಿಸುವ ಆ ಪದ್ಧತಿ, ಮೈಗೆ ಮೈ ತಾಗದ ತರಬೇತಿಗೆ ಅರವತ್ತು ವರ್ಷಗಳ ನಂತರವೂ ಹೊಂದುವಂಥದ್ದು.

3. ನಿರ್ಬಂಧಗಳ ಕಾಲಕ್ರಮ

ತೆಲಂಗಾಣದ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 2ರಂದು. ದುಬೈಯಿಂದ ಬೆಂಗಳೂರಿಗೆ ಬಂದು ಅಲ್ಲಿಂದ ಹೈದರಾಬಾದಿಗೆ ಹೋಗಿದ್ದ ಯುವಕನನ್ನು ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಗೆ ಸೇರಿಸಲಾಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಗಚ್ಚಿಬೌಲಿಯ ಕ್ರೀಡಾಗ್ರಾಮದ ಬಹುಮಹಡಿ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ಮುಂದೆ ರಾಜ್ಯದ ದೈನಂದಿನ ಬುಲೆಟಿನ್‌ಗಳಲ್ಲಿ ಮಹಾನಗರ ಪಾಲಿಕೆ ಮತ್ತು ರಂಗಾರೆಡ್ಡಿ ಜಿಲ್ಲೆಯ ಜೊತೆಗೆ ಮೇಡ್ಚಲ್-ಮಲ್ಕಾಜ್‌ಗಿರಿಯ ಹೆಸರೂ ಮತ್ತೆ ಮತ್ತೆ ಮೇಲಿನ ಸಾಲುಗಳಲ್ಲಿ ಬಂತು.

ಮೇ 18ರಿಂದ ಜಾರಿಯಾದ ನಾಲ್ಕನೆಯ ಹಂತದ ಲಾಕ್‌ಡೌನ್‌ನಲ್ಲಿ ಪ್ರೇಕ್ಷಕರಿಲ್ಲದೆ ಕ್ರೀಡಾಂಗಣ ತೆರೆಯಲು ಕೇಂದ್ರ ಗೃಹ ಸಚಿವಾಲಯ ಅನುಮತಿ ಕೊಟ್ಟಿತು. ಅದೇ ಆದೇಶದಲ್ಲಿ 10 ವರ್ಷದೊಳಗಿನ ಮಕ್ಕಳು ಅನಿವಾರ್ಯವಲ್ಲದೆ ಮನೆ ಬಿಟ್ಟು ಹೊರಡಬಾರದೆಂಬ ಸೂಚನೆಯೂ ಇತ್ತು. ಹೀಗಾಗಿ ಅನುಮತಿಯ ಲಾಭ ಸಿಕ್ಕಿದ್ದು ದೊಡ್ಡ ಆಟಗಾರರಿಗೆ. ಆಟದ ಅಆಇಈ ಕಲಿಯುವ ವಯಸ್ಸಿನವರು ಹೊರಗೇ ಉಳಿದರು. ಶಾಲೆ ಮುಚ್ಚಿದ್ದರಿಂದ ಶಾಲೆಯ ಬಯಲೂ ಮುಚ್ಚಿತು. ಎರಡನೆಯ ಅಲೆಯಲ್ಲಿ, 2021ರ ಮೇ 12ರಿಂದ, ತೆಲಂಗಾಣ ಮತ್ತೆ ಲಾಕ್‌ಡೌನ್ ಹೇರಿ, ಮೊದಮೊದಲು ಬೆಳಿಗ್ಗೆ 6ರಿಂದ 10ರವರೆಗಷ್ಟೇ ಸಡಿಲಿಕೆ ಕೊಟ್ಟಿತು. ಜೂನ್ ಮೂರನೆಯ ವಾರದಲ್ಲಿ ಅದು ತೆರವಾಯಿತು.

ದೊಡ್ಡ ಲೀಗ್‌ಗಳು ಹಿಡಿದ ದಾರಿ ಬೇರೆ. ಇಂಡಿಯನ್ ಸೂಪರ್ ಲೀಗ್ ತನ್ನ 2020–21 ಮತ್ತು 2021–22ರ ಆವೃತ್ತಿಗಳನ್ನು ಇಡಿಯಾಗಿ ಗೋವಾದಲ್ಲಿ, ಬಯೋ-ಬಬಲ್ ವ್ಯವಸ್ಥೆಯೊಳಗೆ ನಡೆಸಿತು. 2022ರ ಮಾರ್ಚ್ 20ರಂದು ಹೈದರಾಬಾದ್ ಎಫ್‌ಸಿ ಪೆನಾಲ್ಟಿಯಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದದ್ದು ಅಲ್ಲಿಯೇ. ಹೋಟೆಲು, ಬಸ್ಸು, ಪದೇ ಪದೇ ಪರೀಕ್ಷೆ ಎಲ್ಲವೂ ಒಂದೇ ಕೈಯಲ್ಲಿದ್ದರೆ ಮಾತ್ರ ಇಂಥ ವ್ಯವಸ್ಥೆ ಸಾಧ್ಯ. ಸಂಜೆ ಆಟಕ್ಕೆ ಬಂದು ರಾತ್ರಿ ಅಜ್ಜ-ಅಜ್ಜಿ ಇರುವ ಮನೆಗೆ ಮರಳುವ ಮಗುವಿಗೆ ಬಬಲ್ ಎಂಬುದಿಲ್ಲ. ಬಡಾವಣೆಯ ತರಬೇತಿಗೆ ಬೇರೆಯದೇ ಕ್ರಮ ಬೇಕಾಗುತ್ತದೆ.

4. ಸೋಂಕು ಹರಡುವ ಬಗೆ

ಆರಂಭದ ತಿಂಗಳುಗಳಲ್ಲಿ ಎಲ್ಲರ ಕಣ್ಣು ವಸ್ತುಗಳ ಮೇಲಿತ್ತು. ಪ್ಲಾಸ್ಟಿಕ್ ಮೇಲೆ ವೈರಾಣು ಮೂರು ದಿನಗಳವರೆಗೆ ಪತ್ತೆಯಾಗಬಲ್ಲದು ಎಂಬ ಪ್ರಯೋಗಾಲಯದ ವರದಿ 2020ರ ಮಾರ್ಚ್‌ನಲ್ಲಿ ಪ್ರಕಟವಾದ ಮೇಲೆ ಚೆಂಡು, ಕೋನ್, ಗೋಲುಗಂಬಗಳನ್ನು ಒರೆಸುವುದೇ ಸುರಕ್ಷತೆ ಎನಿಸಿತು. ಕ್ರಮೇಣ ಚಿತ್ರ ಬದಲಾಯಿತು. ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ತಗಲುವ ಸಂಭವ ಬಹಳ ಕಡಿಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಗಾಳಿಯಾಡದ ಒಳಾಂಗಣದಲ್ಲಿ ಸೂಕ್ಷ್ಮ ಹನಿಗಳು ತೇಲುತ್ತ ಉಳಿದು ಸೋಂಕು ಹರಡಬಲ್ಲವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ಹೊತ್ತಿಗೆ ಸ್ಪಷ್ಟವಾಗಿ ಒಪ್ಪಿತು. ಮುಚ್ಚಿದ ಕೋಣೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಮೂಲೆಮೂಲೆಗೂ ತುಂಬುತ್ತದೆ, ಅಂಗಳದಲ್ಲಿ ಹಚ್ಚಿದ್ದು ಚದುರಿಹೋಗುತ್ತದೆ. ಉಸಿರಿನ ಹನಿಗಳದ್ದೂ ಇದೇ ರೀತಿ.

ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ವೃತ್ತಿಪರ ಪಂದ್ಯಗಳ ಚಲನೆಯ ದಾಖಲೆಗಳನ್ನು ಲೆಕ್ಕಹಾಕಿ, ಸೋಂಕಿತ ಆಟಗಾರನೊಬ್ಬ ಕಣದಲ್ಲಿದ್ದರೆ ಉಳಿದ ಒಬ್ಬೊಬ್ಬರೂ ಅವನ ಒಂದೂವರೆ ಮೀಟರ್ ಆಸುಪಾಸಿನಲ್ಲಿರುವ ಸಮಯ ಇಡೀ ಪಂದ್ಯದಲ್ಲಿ ಸರಾಸರಿ ಒಂದೂವರೆ ನಿಮಿಷದಷ್ಟು ಮಾತ್ರ ಎಂದು ಕಂಡುಕೊಂಡರು. ಮಕ್ಕಳು ಚೆಂಡಿನ ಸುತ್ತ ಮುತ್ತಿಕೊಳ್ಳುವುದು ಹೆಚ್ಚು. ಆ ಲೆಕ್ಕವನ್ನು ಅವರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ದಿಕ್ಕು ಸ್ಪಷ್ಟ: ಓಡುತ್ತಿರುವವರು ಒಬ್ಬರ ಬಳಿ ಒಬ್ಬರು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

5. ಮೈದಾನದ ಅಂಚು

ಹೆಚ್ಚು ಹೊತ್ತು ನಿಲ್ಲುವುದು ಬೇರೆ ಕಡೆ. ಒಂದೇ ಆಟೊದಲ್ಲಿ ಆರೇಳು ಹುಡುಗರು ತುಂಬಿಕೊಂಡು ಬರುತ್ತಾರೆ. ಗೇಟಿನ ಬಳಿ ಹಿಂದಿನ ತಂಡ ಹೊರಡುವುದನ್ನು ಕಾಯುತ್ತ ಮುಂದಿನ ತಂಡ ಗುಂಪುಗೂಡುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಾರೆ. ಒಂದೇ ನೀರಿನ ಬಾಟಲಿ ನಾಲ್ಕು ಬಾಯಿ ಸುತ್ತುತ್ತದೆ. ಆಟ ಮುಗಿದ ಮೇಲೆ ಕಟ್ಟೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ಹರಟೆ ಸಾಗುತ್ತದೆ; ಬೇಲಿಯಾಚೆ ತಂದೆ-ತಾಯಂದಿರದ್ದೂ ಒಂದು ಗುಂಪು. ಅಂಗಳದಲ್ಲಿ ಪಾಲಿಸಿದ ಶಿಸ್ತು ಇಲ್ಲಿ ಸೋರಿಹೋಗುತ್ತದೆ.

ದೊಡ್ಡವರೂ ಎಡವಿದ್ದು ಇಲ್ಲಿಯೇ. 2021ರ ಮೇ ತಿಂಗಳಲ್ಲಿ ಎಎಫ್‌ಸಿ ಕಪ್‌ಗಾಗಿ ಮಾಲ್ಡೀವ್ಸ್‌ನ ಮಾಲೆಗೆ ಹೋಗಿದ್ದ ಬೆಂಗಳೂರು ಎಫ್‌ಸಿ ತಂಡದ ಕೆಲವರು ನಿಯಮ ಮೀರಿ ಊರಲ್ಲಿ ಓಡಾಡಿದ್ದರಿಂದ ಅಲ್ಲಿನ ಸರ್ಕಾರ ತಂಡವನ್ನು ಮರಳಿ ಹೋಗುವಂತೆ ಹೇಳಿತು. ಕ್ಲಬ್‌ನ ಮಾಲೀಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಪಂದ್ಯಗಳು ಮುಂದಕ್ಕೆ ಹೋದವು. ತಪ್ಪಿದ್ದು ಆಟದ ಹೊತ್ತಿನಲ್ಲಲ್ಲ.

ಆದ್ದರಿಂದ ಅಂಚಿನ ಏರ್ಪಾಡಿಗೆ ಮೊದಲ ಸ್ಥಾನ ಸಲ್ಲಬೇಕು. ಒಂದು ತಂಡ ಹೊರಟ ಹತ್ತು ನಿಮಿಷಕ್ಕೆ ಮುಂದಿನ ತಂಡ ಬರುವಂತೆ ವೇಳೆ ಹಂಚಬೇಕು. ಸಾಧ್ಯವಿದ್ದಲ್ಲಿ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ಇರಬೇಕು. ಮಕ್ಕಳು ಮನೆಯಿಂದಲೇ ಆಟದ ಬಟ್ಟೆ ತೊಟ್ಟು ಬರಬೇಕು. ಚೀಲಗಳನ್ನು ಬೇಲಿಗುಂಟ ಎರಡೆರಡು ಮೀಟರ್ ದೂರದಲ್ಲಿಟ್ಟರೆ ನೀರಿನ ಬಿಡುವಿನಲ್ಲಿ ಪ್ರತಿಯೊಬ್ಬರೂ ತಂತಮ್ಮ ಚೀಲದ ಬಳಿಗೇ ಹೋಗುತ್ತಾರೆ. ಅಂತರ ಕಾಯಿರಿ ಎಂದು ಕೂಗಾಡುವ ಪ್ರಮೇಯ ಬರುವುದಿಲ್ಲ. ಬಾಟಲಿಯ ಮೇಲೆ ಹೆಸರಿರಬೇಕು. ಉಗುಳುವುದು, ಕೈ ಕುಲುಕುವುದು, ಗೋಲು ಹೊಡೆದಾಗ ಅಪ್ಪಿಕೊಳ್ಳುವುದು ಬೇಡ.

6. ತರಬೇತಿಯ ವಿನ್ಯಾಸ

ತರಬೇತಿಯನ್ನು ಮೂರು ಮೆಟ್ಟಿಲಾಗಿ ವಿಂಗಡಿಸುವುದು ರೂಢಿಗೆ ಬಂತು: ಒಬ್ಬೊಬ್ಬರೇ ಮಾಡುವ ಕಸರತ್ತು, ಸಣ್ಣ ಗುಂಪಿನಲ್ಲಿ ತಾಗದೆ ಆಡುವ ಆಟ, ಕೊನೆಗೆ ಟ್ಯಾಕಲ್ ಸಹಿತವಾದ ಪೂರ್ಣ ಆಟ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ 2020ರ ಮೇ 19ರಿಂದ ಐದೈದು ಮಂದಿಯ ಗುಂಪುಗಳಲ್ಲಿ, ಟ್ಯಾಕಲ್ ಇಲ್ಲದೆ ಅಭ್ಯಾಸ ಆರಂಭಿಸಿತು.

ಎರಡನೆಯ ಮೆಟ್ಟಿಲಿನ ಒಂದು ಗಂಟೆಯನ್ನು ಹೀಗೆ ಜೋಡಿಸಬಹುದು. ಹನ್ನೆರಡು ಮಕ್ಕಳು, ನಾಲ್ಕು ಮಂದಿಯ ಮೂರು ಗುಂಪು. ಪ್ರತಿ ಗುಂಪಿಗೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಚೌಕ, ಮೂಲೆಗೊಂದು ಕೋನ್, ಚೌಕಕ್ಕೊಂದು ಚೆಂಡು. ಚೌಕಗಳ ನಡುವೆ ಐದು ಮೀಟರ್ ತೆರವು. ಮೊದಲ ಹತ್ತು ನಿಮಿಷ ನಿಂತಲ್ಲೇ ವಾರ್ಮ್‌ಅಪ್. ಅನಂತರ ಮೂಲೆಯಿಂದ ಮೂಲೆಗೆ ಪಾಸ್, ಮೊದಲು ಎರಡು ಸ್ಪರ್ಶ, ಆಮೇಲೆ ಒಂದೇ ಸ್ಪರ್ಶ, ಕೊನೆಗೆ ಎಡಗಾಲಿನಿಂದ ಮಾತ್ರ. ಪಾಸ್ ಮಾಡಿದವನು ಚೌಕದ ನಡುವಿನವರೆಗೆ ಓಡಿ ತನ್ನ ಮೂಲೆಗೆ ಮರಳುವಂತೆ ಮಾಡಿದರೆ ಓಟವೂ ಆಯಿತು. ರಹೀಂ ಸಾಬರ ಪಂದ್ಯಾವಳಿಗಳ ತತ್ವ ಇಲ್ಲಿ ಸಹಜವಾಗಿ ಬಳಕೆಗೆ ಬರುತ್ತದೆ. ಹೆಡರ್ ಮತ್ತು ಕೈಯಿಂದ ಚೆಂಡೆಸೆತ ಬೇಡ. ಗೋಲ್‌ಕೀಪರ್ ಗ್ಲೌಸಿಗೆ ಎಂಜಲು ಹಚ್ಚುವ ಚಾಳಿ ಬಿಡಬೇಕು. ಬಿಬ್‌ಗಳನ್ನು ಒಬ್ಬರಿಂದೊಬ್ಬರಿಗೆ ಬದಲಿಸಬಾರದು. ಗುಂಪುಗಳು ವಾರಗಟ್ಟಲೆ ಅವೇ ಆಗಿರಬೇಕು; ಒಬ್ಬನಿಗೆ ಸೋಂಕು ಬಂದರೆ ಹನ್ನೆರಡು ಮಂದಿಯ ಬದಲು ನಾಲ್ವರನ್ನು ಮನೆಯಲ್ಲಿರಿಸಿದರೆ ಸಾಕಾಗುತ್ತದೆ.

ಓಡುವಾಗ ಮಾಸ್ಕ್ ಬೇಡ. ಬೆವರಿಗೆ ತೊಯ್ದ ಮಾಸ್ಕ್ ಉಸಿರಾಟಕ್ಕೆ ತೊಡಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ತಿಳಿಸಿತ್ತು. ಬರುವಾಗ, ಹೋಗುವಾಗ, ಬಿಡುವಿನಲ್ಲಿ ಮತ್ತು ಕೋಚ್‌ಗೆ ಸದಾ ಮಾಸ್ಕ್ ಬೇಕು. ಬಿದ್ದು ಪೆಟ್ಟಾದ ಮಗುವಿನ ಬಳಿಗೆ ಅಂತರದ ನೆಪವೊಡ್ಡದೆ ಹೋಗಬೇಕು. ಮಾಸ್ಕ್ ಮತ್ತು ಕೈಗವಸು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಸದಾ ಇರಬೇಕು.

7. ಬಿಡುವಿನ ನಂತರ, ಸೋಂಕಿನ ನಂತರ

ತಿಂಗಳುಗಟ್ಟಲೆ ಓಡದ ಕಾಲುಗಳು ಮೊದಲ ದಿನವೇ ಹಳೆಯ ವೇಗಕ್ಕೆ ಒಗ್ಗುವುದಿಲ್ಲ. ಜರ್ಮನಿಯ ಬುಂಡೆಸ್‌ಲೀಗಾ 2020ರ ಮೇ 16ರಂದು ಮತ್ತೆ ಶುರುವಾದಾಗ ಆಟಗಾರರಲ್ಲಿ ಸ್ನಾಯುಗಳ ಗಾಯ ಹೆಚ್ಚಿದ್ದು ವರದಿಯಾಯಿತು. ಮಕ್ಕಳಿಗೆ ಮೊದಲ ಎರಡು ವಾರ ಅರ್ಧ ಹೊತ್ತಿನ, ಹಗುರಾದ ಅಭ್ಯಾಸ ಸಾಕು. ಏಪ್ರಿಲ್-ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಬೆಳಗಿನ ಹೊತ್ತೇ ಲೇಸು.

ಸೋಂಕು ತಗಲಿ ಗುಣವಾದವರ ವಿಷಯ ಇನ್ನೂ ಸೂಕ್ಷ್ಮ. ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಳಿದಿರುವಾಗ ಜೋರಾಗಿ ಓಡಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಬ್ರಿಟನ್ನಿನ ಕ್ರೀಡಾ ವೈದ್ಯರು 2020ರಲ್ಲಿ ಸೂಚಿಸಿದ ಕ್ರಮದಲ್ಲಿ ಕನಿಷ್ಠ 10 ದಿನ ವಿಶ್ರಾಂತಿ, ಅದರಲ್ಲಿ 7 ದಿನ ರೋಗಲಕ್ಷಣವಿಲ್ಲದೆ ಕಳೆದ ಮೇಲಷ್ಟೇ ನಡಿಗೆಯಿಂದ ಆರಂಭಿಸಿ ಹಂತಹಂತವಾಗಿ ಏರಬೇಕೆಂದಿತ್ತು. ಎದೆನೋವು, ಎದೆಬಡಿತದಲ್ಲಿ ಏರುಪೇರು, ತಲೆಸುತ್ತು, ಅತಿಯಾದ ಏದುಸಿರು ಕಂಡರೆ ಆಟ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಬೇಕು. ಕೆಲವು ಮಕ್ಕಳಲ್ಲಿ ಸೋಂಕಾದ ಎರಡರಿಂದ ಆರು ವಾರಗಳ ನಂತರ ಹಲವು ಅಂಗಗಳಲ್ಲಿ ಉರಿಯೂತ ಕಾಣಿಸಿಕೊಳ್ಳುವುದುಂಟು. ಬಿಡದ ಜ್ವರ, ಹೊಟ್ಟೆನೋವು, ಕೆಂಪಾದ ಕಣ್ಣು, ಮೈಮೇಲೆ ದದ್ದು ಅದರ ಸುಳಿವು.

8. ಲಸಿಕೆ ಮತ್ತು ಹೊಣೆ

15ರಿಂದ 18 ವರ್ಷದವರಿಗೆ ಲಸಿಕೆ 2022ರ ಜನವರಿ 3ರಂದು, 12ರಿಂದ 14 ವರ್ಷದವರಿಗೆ ಮಾರ್ಚ್ 16ರಂದು ಆರಂಭವಾಯಿತು. ಮೊದಲಿನವರಿಗೆ ಕೊಟ್ಟ ಕೋವ್ಯಾಕ್ಸಿನ್ ಭಾರತ್ ಬಯೋಟೆಕ್‌ನದು. ಅದರ ನೆಲೆಯಾದ ಜೀನೋಮ್ ವ್ಯಾಲಿ ಇರುವುದು ಇದೇ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಯ ಶಾಮೀರ್‌ಪೇಟೆಯ ಬಳಿ. ಎರಡನೆಯವರ ಕೋರ್ಬಿವ್ಯಾಕ್ಸ್ ಹೈದರಾಬಾದಿನ ಬಯಲಾಜಿಕಲ್ ಇ ಕಂಪನಿಯದು. ಎರಡಕ್ಕೂ ಡೋಸ್‌ಗಳ ನಡುವೆ 28 ದಿನಗಳ ಅಂತರ. ಲಸಿಕೆ ತೀವ್ರ ಕಾಯಿಲೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಹರಡುವಿಕೆಯನ್ನು ಪೂರ್ತಿ ತಡೆಯುವುದಿಲ್ಲ. 12 ವರ್ಷದೊಳಗಿನ ಆಟಗಾರರಿಗೆ ಅದೂ ಇಲ್ಲದ್ದರಿಂದ ಮೈದಾನದ ಶಿಸ್ತು ಮುಂದುವರಿಯಬೇಕಾಯಿತು.

ತರಬೇತಿ ನಡೆಸುವವರು ಮೂರು ಕಾಗದ ಇಟ್ಟುಕೊಳ್ಳಬೇಕು: ಪೋಷಕರ ಒಪ್ಪಿಗೆ ಪತ್ರ, ದಿನದಿನದ ಹಾಜರಿ, ಗುಂಪುಗಳ ಪಟ್ಟಿ. ಯಾರಿಗಾದರೂ ಸೋಂಕು ತಗಲಿದರೆ ಯಾರು ಯಾರ ಜೊತೆಗಿದ್ದರೆಂದು ಆ ಹಾಳೆಗಳೇ ಹೇಳುತ್ತವೆ. ಗೇಟಿನಲ್ಲಿ ಹಿಡಿಯುವ ಥರ್ಮಾಮೀಟರಿಗೆ ಲಕ್ಷಣವಿಲ್ಲದ ಸೋಂಕು ಸಿಕ್ಕುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ ಎಂದು ಕೇಳುವುದು ಅದಕ್ಕಿಂತ ಫಲಕಾರಿ. ಆದರೆ ಜ್ವರವೆಂದು ಹೇಳಿದರೆ ತಂಡದಿಂದ ಹೆಸರು ಹೋಗುತ್ತದೆಂಬ ಭಯವಿರುವ ಕಡೆ ಯಾವ ಮಗುವೂ ನಿಜ ಹೇಳುವುದಿಲ್ಲ. ಹುಷಾರಿಲ್ಲದೆ ಮನೆಯಲ್ಲಿ ಉಳಿದವರ ಸ್ಥಾನ ಹಾಗೇ ಇರುತ್ತದೆ, ಕಟ್ಟಿದ ಶುಲ್ಕ ನಷ್ಟವಾಗುವುದಿಲ್ಲ ಎಂದು ಮೊದಲೇ ತಿಳಿಸಿರಬೇಕು.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ 2023ರ ಮೇ 5ರಂದು ಕೊನೆಗೊಂಡಿತು. ಗುಂಪಿನ ಮಿತಿ, ಮಾಸ್ಕ್, ಅಂತರಗಳನ್ನು ಸೋಂಕಿನ ಏರಿಳಿತಕ್ಕೆ ತಕ್ಕಂತೆ ಬಿಗಿಗೊಳಿಸಬಹುದು, ಸಡಿಲಿಸಬಹುದು. ಸ್ವಂತ ಬಾಟಲಿ, ಹಾಜರಿ ಪುಸ್ತಕ, ಹುಷಾರಿಲ್ಲದವರಿಗೆ ದಂಡವಿಲ್ಲದ ರಜೆ, ಬಿಡುವಿನ ನಂತರ ನಿಧಾನದ ಆರಂಭ, ಈ ನಾಲ್ಕು ಮಾತ್ರ ಸಾಂಕ್ರಾಮಿಕವಿಲ್ಲದ ವರ್ಷಗಳಲ್ಲೂ ಉಳಿಸಿಕೊಳ್ಳಬೇಕಾದ ಕ್ರಮಗಳು.