ನೀಲಿ ಜ್ವಾಲೆ, ಮುಚ್ಚಿದ ಬಚ್ಚಲು

ಮನೆಯಲ್ಲಿ ಅಡುಗೆ ಅನಿಲ ಸೋರಿದರೆ ನಮಗೆ ಬೇಗ ಗೊತ್ತಾಗುತ್ತದೆ. ಕೆಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಅನಿಲದ್ದಲ್ಲ; ಸೋರಿಕೆ ತಿಳಿಯಲೆಂದೇ ಅದಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಆದರೆ ಅದೇ ಅನಿಲ ಸರಿಯಾಗಿ ಉರಿಯದಿದ್ದಾಗ ಇನ್ನೊಂದು ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಅದೇ ಕಾರ್ಬನ್ ಮಾನಾಕ್ಸೈಡ್. ಗ್ಯಾಸ್ ಗೀಸರ್ ಇರುವ ಮನೆಯವರು ಸೋರಿಕೆಗೆ ಅಂಜುವಷ್ಟೇ ಇದಕ್ಕೂ ಅಂಜಬೇಕು.

ಬೆಂಗಳೂರಿನ ಪೂರ್ವ ಭಾಗದ ಕಗ್ಗದಾಸಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಕೆರೆಯ ಪಕ್ಕದ ಹಳ್ಳಿಯಾಗಿದ್ದ ಊರು ಇಂದು ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡ ದಟ್ಟ ಬಡಾವಣೆ. ಮೂವತ್ತು–ನಲವತ್ತರ ನಿವೇಶನದಲ್ಲಿ ಮೂರು–ನಾಲ್ಕು ಮಹಡಿ, ಮಹಡಿಗೊಂದೆರಡು ಬಾಡಿಗೆ ಮನೆ, ಪಕ್ಕದ ಗೋಡೆ ಕೈಗೆಟುಕುವಷ್ಟು ಹತ್ತಿರ. ಇಂಥ ಮನೆಗಳಲ್ಲಿ ಬಚ್ಚಲಿಗೆ ಸಿಗುವುದು ಐದಡಿಗೆ ಏಳಡಿ ಜಾಗ, ಮೇಲೊಂದು ಚಿಕ್ಕ ವೆಂಟಿಲೇಟರ್. ಚಳಿಗೋ ಸೊಳ್ಳೆಗೋ ಎದುರು ಮನೆಯವರ ಕಣ್ಣಿಗೋ ಅಂಜಿ ಅದನ್ನೂ ಮುಚ್ಚಿಬಿಡುತ್ತೇವೆ.

ನಮ್ಮ ಹಿರಿಯರ ಬಚ್ಚಲಲ್ಲಿ ಹಂಡೆ ಒಲೆಯಿತ್ತು. ಹೆಂಚಿನ ಸಂದಿನಲ್ಲಿ ಹೊಗೆ ಹೋಗುತ್ತಿತ್ತು. ಹೋಗದಿದ್ದರೆ ಕಣ್ಣಲ್ಲಿ ನೀರು ಬಂದು ಒಳಗಿದ್ದವರು ತಾವೇ ಹೊರಗೆ ಬರುತ್ತಿದ್ದರು. ಹೊಗೆಯೇ ಅವರಿಗೆ ಎಚ್ಚರಿಕೆಯಾಗಿತ್ತು. ಗೀಸರಿನ ನೀಲಿ ಜ್ವಾಲೆಗೆ ಹೊಗೆಯಿಲ್ಲ, ಹಾಗಾಗಿ ಎಚ್ಚರಿಕೆಯೂ ಇಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್, ಅಡುಗೆ ಒಲೆಯ ಐದಾರು ಬರ್ನರ್‌ಗಳು ಒಟ್ಟಿಗೆ ಉರಿದಷ್ಟು ಶಾಖ ಕೊಡುತ್ತದೆ. ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಅನಿಲ ಬೇಕು. ಆ ಒಂದು ಕಿಲೋ ಪೂರ್ತಿ ಉರಿಯಲು ನಾನೂರು ಘನ ಅಡಿಗೂ ಹೆಚ್ಚು ಗಾಳಿ ಬೇಕು. ಎಂಟಡಿ ಎತ್ತರದ ನಮ್ಮ ಬಚ್ಚಲಲ್ಲಿರುವುದು 280 ಘನ ಅಡಿ ಗಾಳಿ. ಅಂದರೆ ಹತ್ತು ನಿಮಿಷದ ಸ್ನಾನದಲ್ಲಿ ಅದರ ಕಾಲು ಭಾಗದಷ್ಟು ಗಾಳಿಯನ್ನು ಜ್ವಾಲೆಯೇ ಬಳಸಿಬಿಡುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅಪೂರ್ಣವಾಗುತ್ತದೆ. ಇಂಗಾಲದ ಡೈ ಆಕ್ಸೈಡ್ ಜೊತೆಗೆ ಕಾರ್ಬನ್ ಮಾನಾಕ್ಸೈಡೂ ಬರತೊಡಗುತ್ತದೆ.

ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಿನ ಶಕ್ತಿ ಉಡುಗಿ ಪ್ರಜ್ಞೆ ತಪ್ಪುತ್ತದೆ. ಎಷ್ಟೋ ಸಲ ಬಾಗಿಲಿನ ಚಿಲಕ ತೆಗೆಯುವಷ್ಟು ತ್ರಾಣವೂ ಉಳಿದಿರುವುದಿಲ್ಲ. ಕೆಲವರಿಗೆ ಫಿಟ್ಸ್‌ನಂಥ ಸೆಳೆತ ಬರುವುದರಿಂದ ಮೂರ್ಛೆರೋಗವೆಂದು ತಪ್ಪು ತಿಳಿಯುವುದೂ ಉಂಟು. ನಮ್ಮ ದೇಶದ ವೈದ್ಯರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟಿದ್ದಾರೆ.

ಹಾಗಾದರೆ ಪರಿಹಾರವೇನು? ಗೀಸರ್ ಬಚ್ಚಲಿನ ಹೊರಗಿರಬೇಕು. ಗಾಳಿಯಾಡುವ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಅದನ್ನು ಕೂರಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಸಮಾಧಾನಪಡಬೇಡಿ. ಹೊಸ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಹೆಚ್ಚೇನೂ ಮಾಡಲಾರದು. ಕರೆಂಟ್ ಹೋದರೆ ಅದೂ ಇಲ್ಲ. ಸ್ಥಳ ಬದಲಾಯಿಸುವವರೆಗೆ ಹೀಗೆ ಮಾಡಿ: ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ಟಿಗೆ ನೀರು ಹಿಡಿಯಿರಿ. ಗೀಸರ್ ಆರಿಸಿ, ಒಂದೈದು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗಿ. ನರಕ ಚತುರ್ದಶಿಯ ಎಣ್ಣೆ ಸ್ನಾನದ ದಿನ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುತ್ತಾರೆ. ಮೊದಲಿನವರು ಬಿಟ್ಟುಹೋದ ಕೆಟ್ಟ ಗಾಳಿ ಕೊನೆಯವರ ಪಾಲಿಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ರಿಪೇರಿಯ ಮಾತು. ಬೋರ್‌ವೆಲ್ ಮತ್ತು ಟ್ಯಾಂಕರ್‌ನ ಗಡಸು ನೀರು ಗೀಸರಿನ ತಾಮ್ರದ ಕೊಳವೆಯೊಳಗೆ ಬಿಳಿ ಪದರವಾಗಿ ಕಟ್ಟುತ್ತದೆ. ಹೊರಗೆ, ತೆಳು ಹಾಳೆಗಳ ಸಂದಿಯಲ್ಲಿ ಮಸಿ ತುಂಬುತ್ತದೆ. ಸಂದಿ ಮುಚ್ಚಿದರೆ ಉರಿದ ಅನಿಲ ಮೇಲೆ ಹೋಗಲಾರದೆ ಜ್ವಾಲೆಯೇ ಉಸಿರುಗಟ್ಟುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿದ್ದರೆ, ಗೀಸರಿನ ಮೈಮೇಲೆ ಮಸಿ ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ನೀರು ಸಾಕಷ್ಟು ಕಾಯುತ್ತಿಲ್ಲವೆಂದು ಅನಿಲದ ಗುಬುಟು ತಿರುಗಿಸಿ ಉರಿ ಹೆಚ್ಚಿಸುವುದು ರಿಪೇರಿಯಲ್ಲ.

ಮೆಕ್ಯಾನಿಕ್ ಬಂದಾಗ ಪಕ್ಕದಲ್ಲಿ ನಿಂತು ನೋಡಿ. ಹಾಳೆಗಳ ಮಸಿ ತೆಗೆದರೇ? ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿದರೇ? ಜ್ವಾಲೆ ಆರಿದರೆ ಅನಿಲವನ್ನು ತಡೆಯುವ ಸುರಕ್ಷಾ ಸಾಧನವನ್ನು, ಪದೇ ಪದೇ ಆಫ್ ಆಗುತ್ತದೆಂಬ ಕಾರಣಕ್ಕೆ, ತೆಗೆದುಹಾಕಲು ಬಿಡಬೇಡಿ. ಸಿಲಿಂಡರ್ ಬಿಟ್ಟು ಕೊಳವೆ ಅನಿಲಕ್ಕೆ ಬದಲಾದ ಮನೆಗಳವರು ಇನ್ನೊಂದು ವಿಷಯ ಗಮನಿಸಬೇಕು. ಎರಡೂ ಅನಿಲಗಳಿಗೆ ಬೇರೆ ಬೇರೆ ಜೆಟ್ ಬೇಕು. ಹಳೆಯ ಗೀಸರನ್ನು ಹಾಗೆಯೇ ಜೋಡಿಸಬಾರದು.

ಸೋರಿಕೆಯ ವಾಸನೆ ಬಂದರೆ ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಆ ಕಿಡಿಯೇ ಸಾಕು. ಸಿಲಿಂಡರ್ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಬಾಗಿಲು ತೆರೆಯುವುದು ಮುಖ್ಯ. ಕೊಳವೆ ಅನಿಲ ಹಗುರ, ಮೇಲಕ್ಕೆ ಏರುತ್ತದೆ. ಅಲ್ಲಿ ಮೇಲಿನ ಕಿಂಡಿ ಮುಖ್ಯ. ಹೊರಗೆ ಬಂದ ಮೇಲೆ ಫೋನ್ ಮಾಡಿ. ಸಿಲಿಂಡರ್ ಅನಿಲದ ಸೋರಿಕೆಗೆಂದೇ 2016ರಲ್ಲಿ ಆರಂಭವಾದ ಸಂಖ್ಯೆ 1906.

ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದರೆ ತಡಮಾಡಬೇಡಿ. ಬಾಗಿಲು ಒಡೆದಾದರೂ ತೆರೆದು, ಗೀಸರ್ ಆರಿಸಿ, ಅವರನ್ನು ಬಯಲಿನ ಗಾಳಿಗೆ ತನ್ನಿ. ನೀವೂ ಒಳಗೆ ನಿಲ್ಲಬೇಡಿ. ಅವರಿಗೆ ಉಸಿರಾಟ ನಿಂತಿದ್ದರೆ, ಬಲ್ಲವರು ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. 108ಕ್ಕೆ ಕರೆ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಿರಿ; ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ವಿಷಾನಿಲ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ಎಂದು ತೋರಿಸಬಹುದು. ಸಾಮಾನ್ಯ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಚಿಕಿತ್ಸೆ ಅಷ್ಟು ಸರಳ, ಆದರೆ ರೋಗ ಇದೇ ಎಂದು ಗೊತ್ತಾಗಬೇಕು.

ಕೊನೆಯದಾಗಿ ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಒಂದು ಮಾತು. ‘ನಮ್ಮ ಮನೆಯಲ್ಲ, ಗೋಡೆ ಕೊರೆಯುವುದು ಹೇಗೆ’ ಎಂದು ಬಾಡಿಗೆದಾರರು ಸುಮ್ಮನಿರುತ್ತಾರೆ. ‘ಗೀಸರ್ ನಮ್ಮದಲ್ಲ’ ಎಂದು ಮಾಲೀಕರು ಸುಮ್ಮನಿರುತ್ತಾರೆ. ಇಬ್ಬರ ಸಂಕೋಚದ ನಡುವೆ ಸಿಕ್ಕಿಕೊಳ್ಳುವುದು ಚಿಲಕ ಹಾಕಿಕೊಂಡು ಒಳಗಿರುವ ಜೀವ. ಕೆಲವು ಅಡಿ ಪೈಪು, ಪ್ಲಂಬರನ ಅರ್ಧ ದಿನದ ಕೂಲಿ: ಬೇಕಾದದ್ದು ಇಷ್ಟೇ. ಮನೆ ನೋಡಲು ಹೋದಾಗ ನೀರು ಬರುತ್ತದೆಯೇ ಎಂದು ಕೇಳುತ್ತೀರಿ. ಗೀಸರ್ ಎಲ್ಲಿದೆ ಎಂದೂ ಕೇಳಿ.